30×40 ಮನೆ ಮೇಲೆ ಇನ್ನೊಂದು ಮಹಡಿ: ನಕ್ಷೆ ಬೇಕಾ? ಎಷ್ಟು ಕಟ್ಟಬಹುದು?

ಪ್ರಶ್ನೆ | ತಾರಸಿಮನೆ_ಬೆಂಗಳೂರು

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ 30×40 ನಿವೇಶನ, ಎ ಖಾತಾ, ಇ-ಖಾತಾ ಆಗಿದೆ. ನೆಲಮಹಡಿ ಮತ್ತು ಮೊದಲ ಮಹಡಿಗೆ 2004ರಲ್ಲಿ ಪಾಲಿಕೆಯಿಂದ ನಕ್ಷೆ ಮಂಜೂರಾಗಿದೆ, ಪ್ರತಿ ಕೈಯಲ್ಲಿದೆ. ಟೇಪ್ ಹಿಡಿದು ಅಳೆದಾಗ ಕೆಳಗೆ 810 ಚದರಡಿ, ಮೇಲೆ 850 ಚದರಡಿ ಬಂತು. ಎಡಬದಿಯಲ್ಲಿ ನಕ್ಷೆ ಪ್ರಕಾರ 1 ಮೀಟರ್ ಜಾಗ ಬಿಡಬೇಕಿತ್ತು, ಸ್ಥಳದಲ್ಲಿ ಇರುವುದು ಎರಡೂವರೆ ಅಡಿ. ಮುಂದಿನ ರಸ್ತೆ 30 ಅಡಿ, ಮನೆ ಕಡೆಗೇ 11 ಕೆವಿ ವಿದ್ಯುತ್ ತಂತಿ ಹೋಗಿದೆ.

ಈಗ ಯೋಚಿಸಿರುವ ಕೆಲಸ ಇಷ್ಟು. ಅಡುಗೆಮನೆ ಮತ್ತು ಊಟದ ಕೋಣೆ ನಡುವಿನ ಗೋಡೆ ತೆಗೆದು ಒಂದೇ ಮಾಡುವುದು, ಬಚ್ಚಲಿಗೆ ಹೊಸ ಟೈಲ್ಸ್. ಮೇಲೆ ಪೂರ್ತಿ 850 ಚದರಡಿಯ ಎರಡನೇ ಮಹಡಿ. ಬಾಡಿಗೆಯವರಿಗೆ ಬೇರೆ ದಾರಿ ಬೇಕೆಂದು ಎಡಬದಿಯ ಖಾಲಿ ಜಾಗದಲ್ಲಿ ಕಬ್ಬಿಣದ ಮೆಟ್ಟಿಲು. ಕೆಳಗಿನ ಮುಂದಿನ ಕೋಣೆಯನ್ನು ಟೈಲರಿಂಗ್ ಅಂಗಡಿ ಮಾಡುವ ಆಲೋಚನೆಯೂ ಇದೆ.

ಗುತ್ತಿಗೆದಾರರು ಹೇಳುವುದು: "1200 ಚದರಡಿ ಸೈಟಿಗೆ ಸರ್ಕಾರವೇ ಒಸಿ ತೆಗೆದುಹಾಕಿದೆ, ಇನ್ನು ನಕ್ಷೆ ಯಾರು ಕೇಳ್ತಾರೆ? ಪಿಲ್ಲರ್ ಕಂಬಿ ಬೇರೆ ಬಿಟ್ಟಿದ್ದಾರೆ, ನೇರ ಎತ್ತಬಹುದು." ಇದು ಸರಿಯೇ? ತಿಳಿದವರು ವಿವರವಾಗಿ ಹೇಳಿದರೆ ಉಪಕಾರ.

ಉತ್ತರ 1 | ನಕ್ಷೆ_ನಿಯಮ

ಸರಿಯಲ್ಲ ಸರ್. ಒಸಿ ಬೇರೆ, ನಕ್ಷೆ ಮಂಜೂರಾತಿ ಬೇರೆ. ಮಂಜೂರಾತಿ ಅಂದರೆ ಕಟ್ಟುವ ಮೊದಲು ಸಿಗುವ ಅನುಮತಿ. ಸ್ವಾಧೀನಾನುಭವ ಪತ್ರ, ಅಂದರೆ ಒಸಿ, ಕಟ್ಟಿ ಮುಗಿದ ಮೇಲೆ ನಕ್ಷೆಯಂತೆಯೇ ಕಟ್ಟಿದ್ದೀರಿ ಎಂದು ಕೊಡುವ ಪತ್ರ. 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪಿನಲ್ಲಿ, ಈ ಪತ್ರ ನೋಡಿದ ಮೇಲೆಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು, ಬ್ಯಾಂಕುಗಳೂ ಪತ್ರ ಪರಿಶೀಲಿಸಿಯೇ ಸಾಲ ಕೊಡಬೇಕು ಎಂದಿತು. ಅದರ ಬಳಿಕ ಸಣ್ಣ ಮನೆಗಳಿಗೂ ಮೀಟರ್ ಸಿಗದೆ ಜನ ಕಷ್ಟಪಟ್ಟರು. ಹಾಗಾಗಿ 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ ಗ್ರೇಟರ್ ಬೆಂಗಳೂರು ಪ್ರಾಧಿಕಾರದ ವ್ಯಾಪ್ತಿಯಲ್ಲಿ 1200 ಚದರಡಿವರೆಗಿನ ನಿವೇಶನದ ವಾಸದ ಮನೆಗಳಿಗೆ, ನೆಲಮಹಡಿ ಜೊತೆ ಎರಡು ಅಂತಸ್ತು ಅಥವಾ ಸ್ಟಿಲ್ಟ್ (ಕಂಬಗಳ ನಡುವೆ ಪಾರ್ಕಿಂಗ್‌ಗೆ ತೆರೆದಿಟ್ಟ ಕೆಳಮಟ್ಟ) ಜೊತೆ ಮೂರು ಅಂತಸ್ತಿನ ಮಿತಿಯಲ್ಲಿ, ಒಸಿಯಿಂದ ವಿನಾಯಿತಿ ಕೊಟ್ಟಿತು. ನಕ್ಷೆಯಿಂದ ಅಲ್ಲ. ನಿಮ್ಮ ಇ-ಖಾತಾದಲ್ಲಿ ಅಳತೆ ಏನಿದೆ ಎಂದೂ ನೋಡಿ. ಬಾಯಲ್ಲಿ 30×40 ಎನ್ನುವ ಎಷ್ಟೋ ನಿವೇಶನ ಕಾಗದದಲ್ಲಿ 1200ಕ್ಕಿಂತ ಹತ್ತಿಪ್ಪತ್ತು ಚದರಡಿ ಹೆಚ್ಚಿರುತ್ತದೆ. ಹಾಗಿದ್ದರೆ ಈ ವಿನಾಯಿತಿಯನ್ನು ನೆಚ್ಚಿಕೊಳ್ಳುವಂತಿಲ್ಲ.

ಈಗ ಮುಖ್ಯ ವಿಷಯ. ಗುತ್ತಿಗೆದಾರರ ಜೊತೆ ದರ ಮಾತಾಡುವ ಮೊದಲು ಎಫ್‌ಎಆರ್ (ಎಲ್ಲ ಮಹಡಿಗಳ ಒಟ್ಟು ವಿಸ್ತೀರ್ಣ ನಿವೇಶನದ ಎಷ್ಟು ಪಟ್ಟು ಇರಬಹುದು ಎಂಬ ಮಿತಿ) ಲೆಕ್ಕ ಹಾಕಿ. ಉಳಿದೆಲ್ಲ ಅದರ ಮೇಲೆ ನಿಂತಿದೆ.

ಪರಿಷ್ಕೃತ ಮಹಾ ಯೋಜನೆ 2015ರ ವಲಯ ನಿಯಮಗಳಲ್ಲಿ 360 ಚದರ ಮೀಟರ್‌ವರೆಗಿನ ವಾಸದ ನಿವೇಶನಕ್ಕೆ ಎಫ್‌ಎಆರ್ 1.75, ನೆಲ ವ್ಯಾಪ್ತಿ, ಅಂದರೆ ನಿವೇಶನದಲ್ಲಿ ಕಟ್ಟಡ ಆವರಿಸುವ ಪಾಲು, ಹೆಚ್ಚೆಂದರೆ ಶೇ 75. ನಿಮ್ಮ 1200 ಚದರಡಿಗೆ ಒಟ್ಟು ಕಟ್ಟಬಹುದಾದದ್ದು 2100 ಚದರಡಿ, ಅಂದರೆ 21 ಚದರ. ಈಗಾಗಲೇ 810 + 850 = 1660 ಕಟ್ಟಿದ್ದೀರಿ. ಉಳಿದಿರುವುದು 440 ಚದರಡಿ. ಪೂರ್ತಿ 850ರ ಎರಡನೇ ಮಹಡಿಗೆ ಮಂಜೂರಾತಿ ಸಿಗುವುದೇ ಇಲ್ಲ.

ಇಲ್ಲಿ ಬಹಳ ಜನ ಎಡವುತ್ತಾರೆ. ಶೇ 75 ಎಂದರೆ 900 ಚದರಡಿ, ಮೂರು ಅಂತಸ್ತಿಗೆ 2700 ಎಂದು ಗುಣಿಸಿಬಿಡುತ್ತಾರೆ. ನೆಲ ವ್ಯಾಪ್ತಿಯದು ಒಂದು ಮಿತಿ, ಎಫ್‌ಎಆರ್‌ನದು ಇನ್ನೊಂದು. ಎರಡನ್ನೂ ಪಾಲಿಸಬೇಕು, ಯಾವುದು ಮೊದಲು ತಾಗುತ್ತದೋ ಅಲ್ಲಿಗೆ ನಿಲ್ಲಬೇಕು. ಸ್ಟಿಲ್ಟ್ ಪಾರ್ಕಿಂಗ್, ಮೆಟ್ಟಿಲ ತಲೆಕೋಣೆ, ಲಿಫ್ಟ್ ಯಂತ್ರದ ಕೋಣೆ, ನೀರಿನ ಟ್ಯಾಂಕ್ ಎಫ್‌ಎಆರ್‌ಗೆ ಸೇರುವುದಿಲ್ಲ. ಆದರೆ ತಾರಸಿಯ ಮೇಲೆ ಶೀಟು ಹಾಕಿ ಸುತ್ತ ಗೋಡೆ ಕಟ್ಟಿದರೆ ಅದು ಕೋಣೆಯೇ. "ಆರ್‌ಸಿಸಿ ಅಲ್ಲವಲ್ಲ, ಬರೀ ಶೀಟು" ಎಂಬ ವಾದ ನಡೆಯದು.

440 ಚದರಡಿಯಲ್ಲಿ ಒಂದು ಮಲಗುವ ಕೋಣೆ, ಹಾಲ್, ಅಡುಗೆಮನೆ, ಬಚ್ಚಲು ಇರುವ ಸಣ್ಣ ಮನೆ ಆಗುತ್ತದೆ. ಮುಂದೆ ತೆರೆದ ತಾರಸಿಯೂ ಉಳಿಯುತ್ತದೆ. ನನ್ನ ಅಭಿಪ್ರಾಯದಲ್ಲಿ ಅದೇ ಒಳ್ಳೆಯದು, ಪಾಯದ ಮೇಲೆ ಹೊಸದಾಗಿ ಬೀಳುವ ಭಾರವೂ ಸುಮಾರು ಅರ್ಧವಾಗುತ್ತದೆ.

ಗೋಡೆ ಮತ್ತು ಟೈಲ್ಸ್ ವಿಷಯಕ್ಕೆ ಬಂದರೆ, ಸುಣ್ಣ ಬಣ್ಣ, ಪ್ಲಾಸ್ಟರಿಂಗ್, ನೆಲಹಾಸು ಬದಲಿಸುವುದು, ಬಾಗಿಲು ಕಿಟಕಿ ಬದಲಿಸುವುದು ಇಂಥ ರಿಪೇರಿಗೆ ಪರವಾನಗಿ ಬೇಡ. ಗೋಡೆ ತೆಗೆಯುವುದು ಮಾತ್ರ ಅದು ಎಂಥ ಗೋಡೆ ಎಂಬುದರ ಮೇಲೆ. ಪಿಲ್ಲರ್ ಮನೆಯಲ್ಲಿ ನಾಲ್ಕು ಇಂಚಿನ ಅಡ್ಡಗೋಡೆ ತೆಗೆಯಲು ತೊಂದರೆ ಇಲ್ಲ. ಒಂಬತ್ತು ಇಂಚಿನ ಗೋಡೆಯೇ ಮೇಲಿನ ಸ್ಲ್ಯಾಬ್ ಹೊತ್ತಿದ್ದರೆ ಅದು ಕಟ್ಟಡದ ರಚನೆಯನ್ನೇ ಬದಲಿಸಿದಂತೆ. ಅನುಮತಿ ಬೇಕು, ಗೋಡೆಯ ಜಾಗಕ್ಕೆ ತೊಲೆಯೂ ಬೇಕು. ಗೋಡೆಯ ತಲೆಯ ಹತ್ತಿರ ಪ್ಲಾಸ್ಟರ್ ಕೆರೆದು ನೋಡಿ. ಬೀಮ್ ಇಲ್ಲದೆ ಸ್ಲ್ಯಾಬ್ ನೇರ ಇಟ್ಟಿಗೆ ಮೇಲೆ ಕೂತಿದ್ದರೆ ಸುತ್ತಿಗೆ ಕೆಳಗಿಡಿ, ಎಂಜಿನಿಯರ್ ಕರೆಸಿ.

ಉತ್ತರ 2 | ಭಾರ_ಲೆಕ್ಕ

ಮೇಲಿನ ಉತ್ತರಕ್ಕೆ ಪಿಲ್ಲರ್ ವಿಷಯ ಸೇರಿಸುತ್ತೇನೆ. "ಕಂಬಿ ಬಿಟ್ಟಿದ್ದಾರೆ" ಅನ್ನುವುದು ಭರವಸೆಯೇ ಅಲ್ಲ. ಕಂಬಿ ಯಾರು ಬೇಕಾದರೂ ಬಿಡಬಹುದು. ಪಾಯ ಎಷ್ಟು ಅಗಲ ಇದೆ ಎಂಬುದೇ ಪ್ರಶ್ನೆ.

ಒಂದು ಲೆಕ್ಕ ನೋಡಿ. ಪಿಲ್ಲರ್‌ಗಳ ನಡುವೆ ಎರಡೂ ದಿಕ್ಕಿಗೆ ಮೂರೂವರೆ ಮೀಟರ್ ಇದ್ದರೆ ಒಳಗಿನ ಒಂದು ಪಿಲ್ಲರ್ ಪಾಲಿಗೆ 12.25 ಚದರ ಮೀಟರ್ ಬರುತ್ತದೆ. ಸ್ಲ್ಯಾಬ್, ಗೋಡೆ, ನೆಲಹಾಸು, ಜನ, ಸಾಮಾನು ಎಲ್ಲ ಸೇರಿ ಚದರ ಮೀಟರ್‌ಗೆ 1.1 ಟನ್ ಎಂದಿಟ್ಟುಕೊಂಡರೆ ಒಂದು ಅಂತಸ್ತಿಗೆ ಸುಮಾರು 13.5 ಟನ್. ಎರಡು ಅಂತಸ್ತಿಗೆ 27, ಪಾಯದ ಸ್ವಂತ ತೂಕಕ್ಕೆ ಶೇ 10 ಸೇರಿಸಿ 30 ಟನ್. ಪಾಯ 4×4 ಅಡಿ ಇದ್ದರೆ, ಅಂದರೆ 1.49 ಚದರ ಮೀಟರ್, ಮಣ್ಣಿನ ಮೇಲೆ ಚದರ ಮೀಟರ್‌ಗೆ 20 ಟನ್ ಬೀಳುತ್ತದೆ. ಗಟ್ಟಿ ಕೆಂಪು ಮಣ್ಣಿಗೆ ಸಾಮಾನ್ಯವಾಗಿ ಹಿಡಿಯುವ ಮಿತಿಯೂ ಹೆಚ್ಚುಕಡಿಮೆ ಅಷ್ಟೇ. ಮೂರನೇ ಅಂತಸ್ತು, ಅಂದರೆ ನೀವು ಹೇಳುವ ಎರಡನೇ ಮಹಡಿ, ಬಂದ ಕೂಡಲೇ ಭಾರ 44.5 ಟನ್, ಮಣ್ಣಿನ ಮೇಲೆ 30. ಒಂದೂವರೆ ಪಟ್ಟು! ಆ ಭಾರಕ್ಕೆ 5×5 ಅಡಿ ಪಾಯ ಬೇಕು. ತುಂಬಿದ ಮಣ್ಣಾದರೆ, ಹಳೆಯ ಕೆರೆ ಅಂಗಳವಾದರೆ ಇನ್ನೂ ಅಗಲ ಬೇಕು.

ಇದನ್ನು ತಿಳಿಯಲು ಒಂದೇ ದಾರಿ. ಹೊರಬದಿಯ ಒಂದು ಪಿಲ್ಲರ್, ಒಳಗಿನ ಒಂದು ಪಿಲ್ಲರ್ ಪಕ್ಕ ಪಾಯದ ತಳದವರೆಗೆ ಗುಂಡಿ ತೋಡಿಸಿ ಅಗಲ, ದಪ್ಪ, ಆಳ ಅಳೆಯುವುದು. ಹೆಚ್ಚಿನ ಮನೆಗಳಲ್ಲಿ ಐದಾರು ಅಡಿ ಆಳಕ್ಕೆ ಸಿಗುತ್ತದೆ. ಮಳೆಗಾಲದಲ್ಲಿ ತೋಡಬೇಡಿ. ಎರಡೂ ಗುಂಡಿಗಳನ್ನು ಒಟ್ಟಿಗೇ ತೆರೆದಿಡಬೇಡಿ.

ಪಿಲ್ಲರ್ ಕಾಂಕ್ರೀಟ್ ಬಗ್ಗೆಯೂ ನೋಡಬೇಕು. 9×12 ಇಂಚಿನ ಪಿಲ್ಲರ್, 12 ಎಂಎಂನ ಆರು ಕಂಬಿ, ಕಾಂಕ್ರೀಟ್ ನಿಜವಾಗಿ ಎಂ20 ದರ್ಜೆಯದು (ಅಂಕಿ ಹೆಚ್ಚಿದಷ್ಟೂ ಬಲ ಹೆಚ್ಚು) ಇದ್ದರೆ ಮೇಲಿಂದ ನೇರ ಬೀಳುವ ಸುಮಾರು 49 ಟನ್ ಹೊರುತ್ತದೆ. ಅದೇ ಪಿಲ್ಲರ್‌ನಲ್ಲಿ ನೀರು ಹೆಚ್ಚಾಗಿ, ಸಿಮೆಂಟ್ ಕಡಿಮೆಯಾಗಿ ಎಂ10 ಮಟ್ಟದ ಕಾಂಕ್ರೀಟ್ ಇದ್ದರೆ 31 ಟನ್ ಮಾತ್ರ. ಪಾಯದ ತೂಕ ಬಿಟ್ಟು ಮೂರು ಅಂತಸ್ತಿನ 40 ಟನ್‌ಗೆ ಮೊದಲನೆಯದು ಸಾಕು, ಎರಡನೆಯದು ಸಾಲದು. ಹೊರಗಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಪರೀಕ್ಷೆ ಮಾಡುವವರು ಸುತ್ತಿಗೆಯಂಥ ರಿಬೌಂಡ್ ಹ್ಯಾಮರ್ ಒಂದನ್ನೇ ತಂದು ಅಂಕಿ ಬರೆದುಕೊಟ್ಟರೆ ಒಪ್ಪಬೇಡಿ. ಇಪ್ಪತ್ತು ವರ್ಷ ಹಳೆಯ ಕಾಂಕ್ರೀಟಿನ ಹೊರಪದರ ಗಾಳಿಯ ಇಂಗಾಲದ ಡೈಆಕ್ಸೈಡ್ ಹೀರಿ ಗಟ್ಟಿಯಾಗಿರುತ್ತದೆ, ಹ್ಯಾಮರ್ ಇರುವುದಕ್ಕಿಂತ ಹೆಚ್ಚಿನ ಬಲ ತೋರಿಸುತ್ತದೆ. ಅದರ ಜೊತೆಗೆ ಅಲ್ಟ್ರಾಸಾನಿಕ್ ಪರೀಕ್ಷೆ, ಕಂಬಿ ಸ್ಕ್ಯಾನ್, ಅನುಮಾನ ಉಳಿದರೆ ಕೋರ್ (ಕಾಂಕ್ರೀಟಿನಿಂದ ಕೊರೆದು ತೆಗೆಯುವ ಉರುಳೆಯಾಕಾರದ ಮಾದರಿ) ತೆಗೆಸಿ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಪ್ರಕಾರ ಕೋರ್ ಮೂರಕ್ಕಿಂತ ಕಡಿಮೆ ಇರಬಾರದು. ಅವುಗಳ ಸರಾಸರಿ, ಆ ದರ್ಜೆಯ ಕಾಂಕ್ರೀಟಿಗೆ ಬೇಕಾದ ಕ್ಯೂಬ್ ಬಲದ ಶೇ 85 ದಾಟಬೇಕು, ಒಂದೂ ಶೇ 75ಕ್ಕಿಂತ ಕೆಳಗಿರಬಾರದು.

ಪಿಲ್ಲರ್ ದುರ್ಬಲ ಎಂದಾದರೆ ಸುತ್ತ ಕಾಂಕ್ರೀಟ್ ಜಾಕೆಟ್ ಹಾಕುತ್ತಾರೆ. ಅದರ ದಪ್ಪ ಪ್ರತಿ ಬದಿಗೆ ಕನಿಷ್ಠ 100 ಎಂಎಂ. ಹೊರಗೋಡೆಯ ಪಿಲ್ಲರ್‌ಗೆ ಜಾಕೆಟ್ ಹಾಕಿದರೆ ಆ ನಾಲ್ಕು ಇಂಚು ನಿಮ್ಮ ಸೆಟ್‌ಬ್ಯಾಕ್‌ನಿಂದಲೇ (ಗಡಿಯಿಂದ ಬಿಡಬೇಕಾದ ಖಾಲಿ ಜಾಗ) ಹೋಗುತ್ತದೆ. ಎಡಬದಿಯಲ್ಲಿ ಇರುವ ಎರಡೂವರೆ ಅಡಿ ಎರಡು ಅಡಿ ಎರಡು ಇಂಚಿಗೆ ಇಳಿಯುತ್ತದೆ. ಆದ್ದರಿಂದ ಪರೀಕ್ಷೆ ಮೊದಲು, ನಕ್ಷೆ ಆಮೇಲೆ. ನಕ್ಷೆ ಮಂಜೂರಾದ ಮೇಲೆ ಜಾಕೆಟ್ ಬೇಕೆಂದು ಗೊತ್ತಾದರೆ ಮತ್ತೆ ಮಾರ್ಪಾಡಿಗೆ ಅಲೆಯಬೇಕು.

ಹೊರಗೆ ಬಿಟ್ಟ ಕಂಬಿ ತುಕ್ಕು ಹಿಡಿದಿರುತ್ತದೆ. ತಂತಿ ಬ್ರಶ್‌ನಿಂದ ತಿಕ್ಕಿ ಉಳಿದ ದಪ್ಪ ಅಳೆಯಿರಿ. ಜೋಡಣೆಗೆ ಕಂಬಿಯ ದಪ್ಪದ 50 ಪಟ್ಟು ಉದ್ದ ಬೇಕು, 12 ಎಂಎಂಗೆ 600 ಎಂಎಂ. ಅಷ್ಟು ಉದ್ದ ಇಲ್ಲದಿದ್ದರೆ ಪಕ್ಕದಲ್ಲಿ ರಂಧ್ರ ಕೊರೆದು ಎಪಾಕ್ಸಿಯಲ್ಲಿ ಹೊಸ ಕಂಬಿ ನಿಲ್ಲಿಸಬೇಕು. ಆಳ ಎಷ್ಟೆಂದು ಎಂಜಿನಿಯರ್ ಬರೆದುಕೊಡಲಿ. ಬಗ್ಗಿಸಿಟ್ಟ ಕಂಬಿಯನ್ನು ಸುತ್ತಿಗೆಯಿಂದ ಹೊಡೆದು ನೆಟ್ಟಗೆ ಮಾಡಲು ಬಿಡಬೇಡಿ, ತುಕ್ಕು ತಿಂದ ಜಾಗದಲ್ಲೇ ಸೀಳುತ್ತದೆ.

ಮೇಲಿನ ಗೋಡೆಗೆ ಹಗುರ ಎಎಸಿ ಬ್ಲಾಕ್ ಬಳಸಿ. ಆರು ಇಂಚು ದಪ್ಪ, ಹತ್ತು ಅಡಿ ಎತ್ತರದ ಗೋಡೆ ಒಂದು ಮೀಟರ್ ಉದ್ದಕ್ಕೆ ಸಾಲಿಡ್ ಬ್ಲಾಕ್‌ನಲ್ಲಿ ಸುಮಾರು 900 ಕಿಲೋ ತೂಗಿದರೆ, ಎಎಸಿಯಲ್ಲಿ 300 ಕಿಲೋ ಒಳಗೇ ಮುಗಿಯುತ್ತದೆ. ಬಚ್ಚಲನ್ನು ಕೆಳಗಿನ ಬಚ್ಚಲಿನ ನೆತ್ತಿಗೇ ತನ್ನಿ. ಒಂದು ಅಡಿ ತಗ್ಗಿಸಿದ ಸ್ಲ್ಯಾಬ್‌ಗೆ ಇಟ್ಟಿಗೆ ಚೂರು ತುಂಬಿದರೆ ಚದರ ಮೀಟರ್‌ಗೆ ಅರ್ಧ ಟನ್, ಅದನ್ನು ಹಾಲ್‌ನ ನಡುವೆ ಹೊರಿಸಬಾರದು.

ಮರುಪ್ರಶ್ನೆ | ತಾರಸಿಮನೆ_ಬೆಂಗಳೂರು

ಇಬ್ಬರಿಗೂ ತುಂಬಾ ಧನ್ಯವಾದ. 440 ಚದರಡಿ ಎಂಬುದು ನನಗೆ ಹೊಸ ವಿಷಯ. ಹಾಗಾದರೆ ಎಡಬದಿಯ ಕೊರತೆ ಏನು ಮಾಡುವುದು? ದಂಡ ಕಟ್ಟಿದರೆ ಸಕ್ರಮ ಆಗುತ್ತದೆ ಎನ್ನುತ್ತಾರೆ. ಆಸ್ತಿ ತೆರಿಗೆಯನ್ನು ಪೂರ್ತಿ ಅಳತೆಗೇ ಕಟ್ಟುತ್ತಿದ್ದೇವೆ, ಅದು ಲೆಕ್ಕಕ್ಕೆ ಬರುವುದಿಲ್ಲವೇ?

ಉತ್ತರ 3 | ನಕ್ಷೆ_ನಿಯಮ

ತೆರಿಗೆ ರಸೀದಿ ತೆರಿಗೆಗೆ ಮಾತ್ರ ಸರ್. ಅಕ್ರಮ ಕಟ್ಟಡಕ್ಕೂ ತೆರಿಗೆ ಕಟ್ಟಿಸಿಕೊಳ್ಳುತ್ತಾರೆ. ಅದರಿಂದ ಕಟ್ಟಡ ಸಕ್ರಮ ಆಗುವುದಿಲ್ಲ.

ದಂಡದ ವಿಷಯ: 2003ರ ಕಟ್ಟಡ ಬೈಲಾದಲ್ಲಿ ದಂಡ ಕಟ್ಟಿಸಿಕೊಂಡು ಒಪ್ಪಲು ಇದ್ದ ಮಿತಿ ಶೇ 5. ನಿಮ್ಮ ನಕ್ಷೆಯ 1 ಮೀಟರ್‌ಗೆ ಅದು 5 ಸೆಂಟಿಮೀಟರ್. ನಿಮ್ಮಲ್ಲಿ ಕೊರತೆ ಸುಮಾರು 24 ಸೆಂಟಿಮೀಟರ್. ವಾಸದ ಮನೆಗಳಲ್ಲಿ ಶೇ 50ರವರೆಗಿನ ಉಲ್ಲಂಘನೆ ಒಪ್ಪುವ ಅಕ್ರಮ-ಸಕ್ರಮ ಯೋಜನೆಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ಕೊಟ್ಟಿತು. ಆ ಹೆಸರಲ್ಲಿ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ.

ಆದರೆ ಕೈಚೆಲ್ಲಬೇಕಿಲ್ಲ. ಹಳೆಯ ನಕ್ಷೆಯಲ್ಲಿ ಬರೆದಷ್ಟು ಬಿಟ್ಟಿಲ್ಲ ಎನ್ನುವುದು ಒಂದು, ಇಂದಿನ ನಿಯಮಕ್ಕೆ ಸಾಲದಷ್ಟು ಬಿಟ್ಟಿದ್ದೀರಿ ಎನ್ನುವುದು ಇನ್ನೊಂದು. ಹೆಚ್ಚುವರಿ ಮಹಡಿಗೆ ಅರ್ಜಿ ಹಾಕುವಾಗ ಈಗ ಇರುವ ಕಟ್ಟಡವನ್ನು ಇದ್ದಂತೆಯೇ ಅಳೆದು ತೋರಿಸಬೇಕು. ಅರ್ಜಿಯ ದಿನ ಜಾರಿಯಲ್ಲಿರುವ ಸೆಟ್‌ಬ್ಯಾಕ್ ಕೋಷ್ಟಕ ನಿಮ್ಮ ಅಳತೆಯ ನಿವೇಶನಕ್ಕೆ ಕೇಳುವ ಬದಿ ಜಾಗ ನಿಮ್ಮಲ್ಲಿ ಇದ್ದರೆ, ಮಾರ್ಪಡಿತ ನಕ್ಷೆಯಲ್ಲೇ ವಿಷಯ ಇತ್ಯರ್ಥವಾಗುತ್ತದೆ. ಇಲ್ಲದಿದ್ದರೆ ಹೊರಚಾಚಿದ ಭಾಗವನ್ನು ತೆಗೆಯಬೇಕು. ಹಾಗಾಗಿ ಮೊದಲು ಸರಿಯಾದ ಅಳತೆ ಆಗಲಿ, ಗಡಿ ಕಲ್ಲಿನಿಂದ, ಕಾಂಪೌಂಡ್ ಗೋಡೆಯಿಂದಲ್ಲ. ಕಾಂಪೌಂಡ್ ಆರು ಇಂಚು ಒಳಗೋ ಹೊರಗೋ ಇರುವುದು ಮಾಮೂಲು, ಇಡೀ ಲೆಕ್ಕ ಅಲ್ಲೇ ತಪ್ಪುತ್ತದೆ.

ಕಬ್ಬಿಣದ ಮೆಟ್ಟಿಲನ್ನು ಆ ಬದಿಗೆ ಹಾಕುವ ಯೋಚನೆ ಬಿಟ್ಟುಬಿಡಿ. ಮೊದಲೇ ಕೊರತೆ ಇರುವ ಸೆಟ್‌ಬ್ಯಾಕ್‌ನಲ್ಲಿ ಅದು ಇನ್ನೊಂದು ಉಲ್ಲಂಘನೆ. ಎರಡೂವರೆ ಅಡಿಯಲ್ಲಿ ಮೆಟ್ಟಿಲು ನಿಂತರೆ ಚರಂಡಿ ಚೇಂಬರ್ ಶುಚಿ ಮಾಡಲೂ ಜಾಗ ಇರುವುದಿಲ್ಲ. ಒಳಗಿನ ಮೆಟ್ಟಿಲಿಗೇ ಮುಂಬಾಗಿಲ ಹತ್ತಿರ ಗೋಡೆ ಕಟ್ಟಿ ಬೇರೆ ದಾರಿ ಮಾಡಿಕೊಡಬಹುದು. ಬಾಲ್ಕನಿ ಚಾಚಿಸುವುದಿದ್ದರೆ ಅದು ಸೆಟ್‌ಬ್ಯಾಕ್‌ನ ಮೂರನೇ ಒಂದು ಭಾಗ ಮೀರುವಂತಿಲ್ಲ.

ಅರ್ಜಿಗೆ ಕ್ರಯಪತ್ರ, ಇ-ಖಾತಾ, ಇತ್ತೀಚಿನ ತೆರಿಗೆ ರಸೀದಿ, ಋಣಭಾರ ಪತ್ರ, 2004ರ ಮಂಜೂರಾದ ನಕ್ಷೆ, ಈಗಿನ ಮನೆಯ ಫೋಟೋ, ಸ್ಟ್ರಕ್ಚರಲ್ ಎಂಜಿನಿಯರ್ ಕೊಟ್ಟ ಭದ್ರತಾ ಪ್ರಮಾಣಪತ್ರ ಸಿದ್ಧ ಮಾಡಿಕೊಳ್ಳಿ. ಅರ್ಜಿಯನ್ನು ನೋಂದಾಯಿತ ವಾಸ್ತುಶಿಲ್ಪಿ ಅಥವಾ ಎಂಜಿನಿಯರ್ ಮೂಲಕ ಆನ್‌ಲೈನ್‌ನಲ್ಲಿ ಹಾಕಬೇಕು. 50×80ವರೆಗಿನ ನಿವೇಶನ, ನಾಲ್ಕು ಮನೆಗಳವರೆಗಿನ ವಾಸದ ಕಟ್ಟಡಗಳಿಗೆ ನಂಬಿಕೆ ನಕ್ಷೆ ಯೋಜನೆ ಇದೆ. ಅದರಲ್ಲಿ ತಾತ್ಕಾಲಿಕ ಮಂಜೂರಾತಿ ಬೇಗ ಬರುತ್ತದೆ, ಕಚೇರಿಯ ಪರಿಶೀಲನೆ ಆಮೇಲೆ. ತಾತ್ಕಾಲಿಕ ಪತ್ರ ಬಂದ ಕೂಡಲೇ ಕಾಂಕ್ರೀಟ್ ಹಾಕಿಸಬೇಡಿ. ದಾಖಲೆಯಲ್ಲಿ ತಪ್ಪಿದ್ದರೆ ಅದು ರದ್ದಾಗುತ್ತದೆ, ಕಟ್ಟಿದ್ದು ಅಲ್ಲೇ ನಿಲ್ಲುತ್ತದೆ. ಬಿಡಿಎ ಬಡಾವಣೆ ಇನ್ನೂ ಪಾಲಿಕೆಗೆ ಹಸ್ತಾಂತರ ಆಗಿಲ್ಲದಿದ್ದರೆ ಮಂಜೂರಾತಿ ಬಿಡಿಎಯಿಂದಲೇ ಪಡೆಯಬೇಕು. ಮಂಜೂರಾದ ಮೇಲೆ 2 ವರ್ಷದೊಳಗೆ ಕೆಲಸ ಶುರುವಾಗಲಿ, ನಕ್ಷೆಯ ಪ್ರತಿ ಕೆಲಸದ ಜಾಗದಲ್ಲಿ ಕಾಣುವಂತೆ ಇರಲಿ. ಪ್ರತಿಯನ್ನು ಹೀಗೆ ಇಡುವುದು ಸುಪ್ರೀಂ ಕೋರ್ಟ್ ತೀರ್ಪಿನಲ್ಲೇ ಹೇಳಿರುವ ಷರತ್ತು.

2025ರ ನವೆಂಬರ್‌ವರೆಗೆ ಇದ್ದ ಕಾನೂನಿನಲ್ಲಿ ಕೆಲಸದ ಅಂದಾಜು 10 ಲಕ್ಷ ರೂಪಾಯಿ ಮೀರಿದರೆ ಶೇ 1ರ ಕಾರ್ಮಿಕ ಕಲ್ಯಾಣ ಸೆಸ್ ಬರುತ್ತಿತ್ತು. ಈಗ ನಿಮ್ಮ ಕೆಲಸಕ್ಕೆ ಬರುತ್ತದೆಯೇ ಎಂದು ಅರ್ಜಿ ಹಾಕುವಾಗ ಕೇಳಿಕೊಳ್ಳಿ.

ಉತ್ತರ 4 | ತಂತಿ_ಅಂತರ

11 ಕೆವಿ ತಂತಿಯ ಬಗ್ಗೆ ಯಾರೂ ಹೇಳಿಲ್ಲ, ನನ್ನ ಪ್ರಕಾರ ಮೊದಲು ನೋಡಬೇಕಾದದ್ದೇ ಅದು. ಕೇಂದ್ರ ವಿದ್ಯುತ್ ಪ್ರಾಧಿಕಾರದ ಸುರಕ್ಷತಾ ನಿಯಮದಂತೆ 11 ಕೆವಿ ತಂತಿಗೂ ಕಟ್ಟಡದ ಅತ್ಯಂತ ಹೊರಚಾಚಿದ ಭಾಗಕ್ಕೂ ಅಡ್ಡ ಅಂತರ 1.2 ಮೀಟರ್ ಇರಲೇಬೇಕು. ತಂತಿ ಕಟ್ಟಡದ ಮೇಲೆ ಹಾದುಹೋದರೆ ಲಂಬ ಅಂತರ 3.7 ಮೀಟರ್. ಮನೆಗೆ ಬರುವ ಸಾಮಾನ್ಯ ಎಲ್‌ಟಿ (ಕಡಿಮೆ ವೋಲ್ಟೇಜ್) ತಂತಿಗೆ ಅಡ್ಡ 1.2, ಲಂಬ 2.5 ಮೀಟರ್. ಅಳತೆ ಗೋಡೆಯಿಂದ ಅಲ್ಲ, ಸಜ್ಜೆ, ಬಾಲ್ಕನಿ, ಜಾಹೀರಾತು ಫಲಕ, ಬಟ್ಟೆ ಒಣಗಿಸುವ ಕಂಬಿ ಯಾವುದು ಹೆಚ್ಚು ಮುಂದಿದೆಯೋ ಅಲ್ಲಿಂದ. ತಂತಿ ಗಾಳಿಗೆ ತೂಗುವುದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಈಗ ಮೊದಲ ಮಹಡಿಯ ಸಜ್ಜೆಗಿಂತ ಮೇಲಿರುವ ತಂತಿ ಎರಡನೇ ಮಹಡಿ ಎದ್ದಾಗ ಕಿಟಕಿಯ ಮಟ್ಟಕ್ಕೇ ಬರುತ್ತದೆ.

440 ಚದರಡಿ ಮಾತ್ರ ಕಟ್ಟುವುದಾದರೆ ಅದನ್ನು ಹಿಂಬದಿಗೆ ತಳ್ಳಿ, ತೆರೆದ ತಾರಸಿ ರಸ್ತೆ ಕಡೆ ಇರಲಿ. ಅರ್ಧ ಸಮಸ್ಯೆ ಅಲ್ಲೇ ಮುಗಿಯುತ್ತದೆ. ಅಂತರ ಸಾಲದಿದ್ದರೆ ತಂತಿ ಸ್ಥಳಾಂತರಕ್ಕೆ ಬೆಸ್ಕಾಂ ಉಪವಿಭಾಗಕ್ಕೆ ಅರ್ಜಿ ಕೊಡಿ, ವೆಚ್ಚ ನಿಮ್ಮದೇ. ತಂತಿಗೆ ಪಿವಿಸಿ ಪೈಪ್ ತೊಡಿಸಿ ಸುಮ್ಮನಾಗುವುದು ಯಾವ ರೀತಿಯ ರಕ್ಷಣೆಯೂ ಅಲ್ಲ, ದಯವಿಟ್ಟು ಅದನ್ನು ಮಾಡಬೇಡಿ.

ಕಂಬಿ 12 ಮೀಟರ್ ಉದ್ದದ್ದು ಬರುತ್ತದೆ. ಕೆಳಗೇ ಅಳತೆಗೆ ಕತ್ತರಿಸಿ, ಮನೆಯ ಹಿಂಬದಿಯಿಂದ ಏರಿಸಿ. ಉದ್ದ ಕಂಬಿಯನ್ನು ರಸ್ತೆ ಕಡೆಯಿಂದ ನೆಟ್ಟಗೆ ಎತ್ತುವಾಗಲೇ ಕೂಲಿಯವರ ಜೀವ ಹೋಗುವುದು.

ಉತ್ತರ 5 | ವಲಯ_ಬಳಕೆ

ಟೈಲರಿಂಗ್ ಅಂಗಡಿ ವಿಷಯ ಚಿಕ್ಕದಾಗಿ ಹೇಳುತ್ತೇನೆ. ವಾಸದ ವಲಯದಲ್ಲಿ ಪೂರಕ ಬಳಕೆಗೆ, ಅಂದರೆ ಮನೆಯೊಳಗಿನ ಸಣ್ಣ ಅಂಗಡಿಯಂಥದ್ದಕ್ಕೆ, ಒಟ್ಟು ಕಟ್ಟಡದ ಶೇ 20 ಅಥವಾ 50 ಚದರ ಮೀಟರ್ ಎಂಬ ಮಿತಿ ಇದೆ. ನಿಮ್ಮ ಒಂದು ಕೋಣೆ ಅದರೊಳಗೆ ಬಂದರೂ ರಸ್ತೆ ಅಗಲವೇ ಅಡ್ಡಿ. ನಗರದ ಒಳ ವರ್ತುಲಗಳ ವಾಸದ ಪ್ರದೇಶದಲ್ಲಿ 40 ಅಡಿಗಿಂತ ಕಿರಿದಾದ ರಸ್ತೆಯಲ್ಲಿ ವಾಣಿಜ್ಯ ಬಳಕೆಗೆ ಅವಕಾಶ ಇಲ್ಲ, ಉದ್ದಿಮೆ ಪರವಾನಗಿಯೂ ಸಿಗುವುದಿಲ್ಲ. ಒಸಿ ವಿನಾಯಿತಿ ಕೂಡ ವಾಸದ ಮನೆಗೆ ಮಾತ್ರ. ಅಂಗಡಿ ಸೇರಿಸಿದರೆ ಮೇಲಿನ ಮಹಡಿಯ ಮೀಟರ್‌ಗೂ ತೊಡಕು ತಂದುಕೊಳ್ಳುತ್ತೀರಿ. ಮನೆಯವರೇ ಒಂದು ಹೊಲಿಗೆ ಯಂತ್ರ ಇಟ್ಟುಕೊಂಡು ಮಾಡುವ ಕೆಲಸ ಬೇರೆ, ರಸ್ತೆಗೆ ಶಟರ್ ತೆರೆದು ಬೋರ್ಡ್ ಹಾಕುವುದು ಬೇರೆ. ನಕ್ಷೆಯಲ್ಲಿ ಆ ಕೋಣೆ ಕೋಣೆಯಾಗಿಯೇ ಇರಲಿ.

ಇದನ್ನು ಓದುವ ಮೈಸೂರು, ಹುಬ್ಬಳ್ಳಿ, ಮಂಗಳೂರಿನವರು ಇಲ್ಲಿನ 1.75, ಶೇ 75ನ್ನು ಹಾಗೆಯೇ ಎತ್ತಿಕೊಳ್ಳಬೇಡಿ. ಪ್ರತಿ ಊರಿನ ಮಹಾ ಯೋಜನೆಗೆ ಅದರದೇ ಕೋಷ್ಟಕ ಇದೆ. 1200 ಚದರಡಿಯ ವಿನಾಯಿತಿ ಆದೇಶ ಗ್ರೇಟರ್ ಬೆಂಗಳೂರಿಗೆ ಸಂಬಂಧಿಸಿದ್ದು. ನಕ್ಷೆ ಮೀರಿ ಕಟ್ಟಿದರೆ ನೋಟಿಸ್ ಬರುವುದೂ ನಿಮ್ಮಲ್ಲಿ ಕರ್ನಾಟಕ ಪೌರ ನಿಗಮಗಳ ಅಧಿನಿಯಮ 1976ರ ಕಲಂ 321ರಡಿ. ಮೊದಲು ತಾತ್ಕಾಲಿಕ ಆದೇಶ, ನಿಮ್ಮ ಉತ್ತರಕ್ಕೆ ಅವಕಾಶ, ಆಮೇಲೆ ಸ್ಥಿರೀಕರಣ ಆದೇಶ. ತಾತ್ಕಾಲಿಕ ಆದೇಶಕ್ಕೆ ಹೇಳಿದ ಗಡುವಿನೊಳಗೆ ಲಿಖಿತ ಉತ್ತರ ಕೊಡದೆ ಕಚೇರಿಗೆ ಹೋಗಿ ಬಾಯಿಮಾತಲ್ಲಿ ಹೇಳಿ ಬಂದವರು ಮೇಲ್ಮನವಿಯಲ್ಲಿ ಕಷ್ಟಪಡುತ್ತಾರೆ.

ಮರುಪ್ರಶ್ನೆ | ತಾರಸಿಮನೆ_ಬೆಂಗಳೂರು

ಅಂಗಡಿ, ಹೊರಮೆಟ್ಟಿಲು ಎರಡನ್ನೂ ಕೈಬಿಟ್ಟೆವು. ಹಿಂಬದಿಗೆ 440 ಚದರಡಿ ಕಟ್ಟುವುದು ಎಂದಾಯಿತು. ಮಳೆನೀರು ಕೊಯ್ಲು ಹಳೆಯ ಮನೆಗೂ ಬೇಕಾ?

ಉತ್ತರ 6 | ಭಾರ_ಲೆಕ್ಕ

ಜಲಮಂಡಳಿಯ ನಿಯಮದಲ್ಲಿ ಹಳೆಯ ಕಟ್ಟಡಕ್ಕೆ 60×40 ಮತ್ತು ಮೇಲ್ಪಟ್ಟ ನಿವೇಶನ, ಹೊಸ ಕಟ್ಟಡಕ್ಕೆ 30×40 ಮತ್ತು ಮೇಲ್ಪಟ್ಟ ನಿವೇಶನ. ನೀವು ಹೊಸ ನಕ್ಷೆ ತೆಗೆದುಕೊಳ್ಳುತ್ತಿರುವುದರಿಂದ ಅದನ್ನು ನಕ್ಷೆಯಲ್ಲೇ ತೋರಿಸಿ. ಒಂದು ಎಚ್ಚರಿಕೆ: ಇಂಗುಗುಂಡಿಯನ್ನು ಪಾಯಕ್ಕೆ ಅಂಟಿಸಿ ತೋಡಬೇಡಿ. ಮೂರನೇ ಅಂತಸ್ತಿನ ಭಾರ ಬಿದ್ದ ಪಾಯದ ಕೆಳಗಿನ ಮಣ್ಣು ನೆನೆದರೆ ಕುಸಿಯುತ್ತದೆ. 30×40ರಲ್ಲಿ ಪಾಯದಿಂದ ದೂರಕ್ಕೆ ಜಾಗ ಸಿಗುವುದು ಕಷ್ಟ, ಆದ್ದರಿಂದ ತಾರಸಿಯ ನೀರನ್ನು ಫಿಲ್ಟರ್ ಮೂಲಕ ಸಂಪಿಗೇ ಬಿಡಿ. ಮೊದಲ ಮಳೆಯ ಕೊಳೆ ನೀರು ಹೊರಹೋಗಲು ಪೈಪಿನ ತಳದಲ್ಲಿ ಒಂದು ವಾಲ್ವ್ ಇರಲಿ. ಸಂಪು ತುಂಬಿ ಹೆಚ್ಚಾದದ್ದು ರಸ್ತೆ ಬದಿಯ ಮಳೆನೀರು ಚರಂಡಿಗೆ ಹೋಗಬೇಕು, ಒಳಚರಂಡಿಗೆ ಸೇರಿಸಬಾರದು.